ಮೂವತ್ತು ಕಿಲೋ

ಮುಹರ‍್ರಕ್ಕಿನ ಈ ಗಲ್ಲಿಯಲ್ಲಿ ನಮಗೆ ಎರಡು ಕೋಣೆ.
ನಾವಿಬ್ಬರು, ಹೊಲಿಗೆ ಮೆಷಿನ್ನು ಐದು.
ಐದನೆಯದು ನಿನ್ನೆ ಬಂತು, ತಳ್ಳುಗಾಡಿಯಲ್ಲಿ, ಬೆಡ್‌ಶೀಟು ಹೊದ್ದು,
ಆಸ್ಪತ್ರೆಯಿಂದ ಮನೆಗೆ ಕಳಿಸಿದ ಅಜ್ಜಿಯ ಹಾಗೆ.
ಗಿಲ್ಬರ್ಟ್ ಬಾಗಿಲು ತೆಗೆದ, ಏನೂ ಹೇಳಲಿಲ್ಲ,
ಊಟದ ಮೇಜನ್ನು ಗೋಡೆಯ ಕಡೆಗೆ
ಇನ್ನೊಂದು ಗೇಣು ಸರಿಸಿದ.

ಉಳ್ಳಾಲದ ಚೆಯ್ಯಬ್ಬ ಬ್ಯಾರಿ ಅಂಗಡಿ ಮುಚ್ಚಿದರು.
ತೋಬುಗಳು ಈಗ ಹಡಗಿನಲ್ಲಿ ಬರುತ್ತವೆ, ಗುಂಡಿ ಹಾಕಿಕೊಂಡೇ.
‘ಗುಜರಿಯವ ಎರಡು ದಿನಾರು ಅಂದ. ನೀವು?’
ಐದು, ಅಂದೆ.
ನೋಟು ಎಣಿಸಲಿಲ್ಲ. ಚಕ್ರದ ಮೇಲೆ ಅಂಗೈ ಇಟ್ಟರು, ತೆಗೆದರು.
ಮತ್ತೆ ನೆನಪಾಗಿ
ಮೂಗು ಬಾಗಿದ ಎಣ್ಣೆಡಬ್ಬಿಯನ್ನೂ ಕೊಟ್ಟರು.

ರಾತ್ರಿ ಬಿಚ್ಚಿದೆ. ಕರಿಮೈಯ ಚಿನ್ನದ ಬಳ್ಳಿ
ಬಲಗಡೆ ಮಾತ್ರ ಸವೆದಿದೆ, ಮಣಿಕಟ್ಟು ತಾಗುವಲ್ಲಿ.
ಬಟ್ಟೆ ಎಳೆಯುವ ಹಲ್ಲುಗಳ ಕೆಳಗೆ
ನಾರು ಗಟ್ಟಿಯಾಗಿ ಕೂತಿತ್ತು, ರೊಟ್ಟಿಯಂತೆ.
ಸೂಜಿಯಿಂದ ಎಬ್ಬಿಸಿದೆ: ಬಿಳಿ, ಬಿಳಿ, ಬಿಳಿ,
ಎಷ್ಟೋ ವರ್ಷ ಬಿಳಿಯ ತೋಬುಗಳು,
ನಡುವೆ ಕೂದಲೆಳೆಯಷ್ಟು
ಒಂದು ಕೆಂಪು ಪದರ.
ಒಮ್ಮೆ, ಒಂದೇ ಸಲ, ಏನೋ ಕೆಂಪು ಹೊಲಿದಿದ್ದರು.
ಯಾರಿಗೆಂದು ನಾನು ಫೋನು ಮಾಡಿ ಕೇಳುವವಳಲ್ಲ.
ಆ ಚೂರನ್ನು ಮಾತ್ರ ಬಿಸಾಡಲಿಲ್ಲ.

ಹಗಲಿಗೆ ನಾನು ಆಸ್ಪತ್ರೆಯ ಬಟ್ಟೆಕೋಣೆಯಲ್ಲಿ.
ಅಲ್ಲಿಯ ಮೆಷಿನ್ನಿಗೆ ಕರೆಂಟು ಸಾಕು, ನಾನು ಬೇಡ;
ಹರಿದ ಚಾದರ ತೋರಿಸಿದರೆ ಕಚ್ಚಿಕೊಂಡು ಓಡುತ್ತದೆ.
ಇವು ಹಾಗಲ್ಲ. ಒಂದು ಹಿಂದಕ್ಕೆ ತಿರುಗುತ್ತದೆ, ಮುನಿಸಿಕೊಂಡರೆ.
ಒಂದಕ್ಕೆ ದೋಣಿಯಂಥ ನಳಿಗೆ, ಅದಕ್ಕೆ ದಾರ ಸುತ್ತುವಾಗ
ಉಸಿರು ಬಿಗಿಹಿಡಿಯಬೇಕು.
ಕೈಚಕ್ರದ್ದು ದಿಂಬಿನ ಕವರಿಗೆ.
ದಪ್ಪ ಪರದೆಗೆ ಕಾಲಿನದ್ದು, ತೊಗಲಿನ ಪಟ್ಟಿ ಜಾರುವವರೆಗೆ.

ಇಪ್ಪತ್ತೆರಡು ವರ್ಷ ಇಲ್ಲಿ
ಕೊಂಡದ್ದನ್ನೆಲ್ಲ ಅಂಗಡಿಯಲ್ಲೇ ಕೈಯಲ್ಲಿ ತೂಗಿದವಳು ನಾನು.
ಹಾಲಿನ ಪುಡಿ, ಸೆಂಟು, ನಾದಿನಿ ಹೇಳಿದ ಕುಕ್ಕರು.
ಪೆಟ್ಟಿಗೆ ಅಪ್ಪಿಕೊಂಡು ತಕ್ಕಡಿ ಹತ್ತುವುದು,
ಬಂದದ್ದರಲ್ಲಿ ನನ್ನನ್ನು ಕಳೆಯುವುದು.
ಮೂವತ್ತು ದಾಟಿತೋ, ಮೊದಲು ಹೊರಗೆ ಬರುವುದು
ನನ್ನದೇ ಸೀರೆ.

ಇದು ಬೀಡು ಕಬ್ಬಿಣ. ತಲೆಯೊಂದನ್ನೇ ಇಳಿಸಲು
ಕೆಳಗಿನ ಬಕಾಲೆಯ ಹುಡುಗನನ್ನು ಕರೆಯಬೇಕಾಯಿತು.
ಊರಿಗೆ ಬರಲಾರದು ಎಂದು ಗೊತ್ತಿದ್ದೇ ಮನೆಗೆ ತಂದೆ,
ಮೊದಲನೆಯದನ್ನು, ಆ ವರ್ಷ.
ಏನೋ ಹಗುರ ಅನಿಸಿತು. ಯಾಕೆಂದು ಈಗಲೂ ತಿಳಿಯದು.
ಆಮೇಲೆ ನಾಲ್ಕು.

ಸಂಜೆ ಮೇಲ್ಮನೆಯ ಸುಡಾನಿನ ಹುಡುಗಿ ಇಳಿದು ಬಂದಳು,
ರಝಾನ್, ಕೈಯಲ್ಲಿ ಸ್ಕೂಲಿನ ಲಂಗ.
‘ಇಳಿಸಿ ಆಂಟಿ. ಇನ್ನೂ ಇಳಿಸಿ.’
ಹೊಸದಾಗಿ ಬಂದವಳ ಮೇಲೆಯೇ ಕೂತೆ.
ಮೊದಲು ದಾರವಿಲ್ಲದೆ, ಹಳೆ ಬಿಲ್ಲಿನ ಕಾಗದದ ಮೇಲೆ:
ತೂತು, ತೂತು, ತೂತು, ನೇರ ಸಾಲು.
ಬೆಳಕಿಗೆ ಹಿಡಿದು ನೋಡಿ ತಲೆಯಾಡಿಸಿದಳು,
ಪಾಸು ಮಾಡುವ ಟೀಚರಿನಂತೆ.
ಬಳಿಕ ಲಂಗ. ಟಕಟಕ ಟಕಟಕ,
ಮೂಲೆಯಲ್ಲಿ ನಿಧಾನ, ಮತ್ತೆ ಟಕಟಕ.
ಹಳೆಯ ಮಡಿಕೆಯ ಗೆರೆ ಕಡುನೀಲಿಯಾಗಿ ಉಳಿಯಿತು,
ಬಿಸಿಲು ಕಾಣದ ಬಟ್ಟೆ.
ನೀರು ಚಿಮುಕಿಸಿ ಎರಡು ಸಲ ಇಸ್ತ್ರಿ ತಿಕ್ಕಿದೆ. ಹೋಗಲಿಲ್ಲ.
ಅವಳು ನಿಲ್ಲಲಿಲ್ಲ.

ಗಿಲ್ಬರ್ಟ್ ಮೀನು ತೊಳೆಯುತ್ತ ಒಳಗಿಂದ,
ಅಭ್ಯಾಸಬಲ, ಕೇಳಿದ:
‘ಅದು ಎಷ್ಟು ಕಿಲೋ ಬಂತು?’

ತೂಗಿಲ್ಲ, ಅಂದೆ.