ಉರಿಯ ಅಳತೆ

ಕಾಸ್ತೆಯೋನಿನ ಟೈಲ್ಸ್ ಕಾರ್ಖಾನೆಯಲ್ಲಿ
ದಿನವಿಡೀ ಬೆರಳ ಗೆಣ್ಣಿನಿಂದ ತಟ್ಟಿ
ಬಿರುಕು ಕೇಳಿಸಿಕೊಳ್ಳುವ ಕಸುಬು ರೆಮೆಯಿಯದು.
ಮನೆಯಲ್ಲೂ ಗ್ಲಾಸು ತಟ್ಟಿ ನೋಡಿಯೇ
ಸುರಿದಳು ರಮ್ಮು. ಸಕ್ಕರೆ, ಚಕ್ಕೆ,
ನಿಂಬೆ ಸಿಪ್ಪೆಯದೊಂದು ಸುರುಳಿ,
ಮೂರು ಕಾಫಿಬೀಜ.

'ನಾಲ್ಕು ಹಾಕು' ಅಂದ ಬತಿಸ್ತೆ.
ಒಂದು ವಾರದಲ್ಲಿ ಅವನಾಡಿದ ಮಾತು ಅದೊಂದೇ.
ಹಾಕಲಿಲ್ಲ.

ಕಡ್ಡಿ ಗೀರಿ, ದೀಪ ಆರಿಸಿದಳು;
ಬೆಳಕಿದ್ದರೆ ಈ ಬೆಂಕಿ ಕಾಣುವುದಿಲ್ಲ.
ಅತ್ತೆ ಉರಿಸುತ್ತಿದ್ದದ್ದು ಒಂದು ಪ್ರಾರ್ಥನೆಯಷ್ಟು ಹೊತ್ತು.
ದೇವರ ಗೊಡವೆಯಿಲ್ಲದ ಇವಳು
ನೀಲಿ ಬಿದ್ದ ಅವನ ಮುಖ ನೋಡುತ್ತ ಅಳೆಯುತ್ತಾಳೆ:
ಬೇಗ ಆರಿಸಿದರೆ ಗಂಟಲು ಸುಟ್ಟೀತು,
ತಡವಾದರೆ ಬರೀ ಪಾನಕ.

ಮೇಲೆ ಬಿಸಿ ಕಾಫಿ. ಚುಂಯ್.
ಕತ್ತಲು.

ಸ್ವಿಚ್ಚಿಗೆ ಯಾರೂ ಕೈ ಹಾಕಲಿಲ್ಲ.
ಆಮೇಲೆ, ಅವನ ಗ್ಲಾಸಿನೊಳಗೆ,
ಗುಳುಕ್.