ಪಾಸ್‌ಪೋರ್ಟ್ ಸೈಜ್, ಎಂಟು ಕಾಪಿ

ಖಾನಾಪುರ ಬಸ್‌ಸ್ಟ್ಯಾಂಡಿನ ಎದುರು ನನ್ನ ಅಂಗಡಿ.
ಇಪ್ಪತ್ತಾರು ವರ್ಷದಿಂದ ಮುಖ ತೊಳೆಯುತ್ತಾ ಬಂದಿದ್ದೇನೆ.
ವರನ ಕಡೆಗೆ ಕಳಿಸುವ ಫೋಟೋ ಅಂದರೆ
ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ,
ಮೌಸ್ ತಾನೇ ಎರಡು ಗೆರೆ ಬಲಕ್ಕೆ ಸರಿಯುತ್ತದೆ,
ಮೊದಲು ಗೋಧಿ, ಆಮೇಲೆ ಹಾಲು.

ಮೊನ್ನೆ ಸೋಮವಾರ ಜೂಲಿಯಾನಾ ಸಿದ್ದಿ ಬಂದಳು.
ಪೊಲೀಸ್ ಭರ್ತಿಯ ಅರ್ಜಿಗೆ.
ಲ್ಯಾಮಿನೇಷನ್ನಿಗೆ ಕಾದು ಕೂತಿದ್ದ ಮಾಸ್ತರರು
ಅವಳ ಗುಂಗುರು ಕೂದಲನ್ನೊಮ್ಮೆ ನೋಡಿ
ಅವಳನ್ನಲ್ಲ, ನನ್ನನ್ನು ಕೇಳಿದರು:
'ಯಾವ ದೇಶದಾಕಿರೀ ಈಕಿ?'
ಬಾಚಣಿಗೆ ಇಳಿಸದೆ ಅವಳೇ ಅಂದಳು:
'ಗೋಲಿಹಳ್ಳಿ ಆಚೀಕಿನ ದೇಶರೀ ಸರ.
ಸಂಜಿ ಬಸ್ ತಪ್ಪಿದ್ರ ನಡಕೋಂತ ಹೋಗಬೇಕು.'

ನಕ್ಕೆ. ಮಾಸ್ತರರು ನಗಲಿಲ್ಲ.

ಮೊದಲ ಸಲ ಹಿಂದಿನ ಬಿಳಿ ಪರದೆಯಷ್ಟೇ ಬಂತು,
ಮುಖದ ಜಾಗದಲ್ಲಿ ಒಂದು ನೆರಳು.
ಎರಡನೇ ಸಲವೂ ಅದೇ.
ಮುಖ ಅಂದರೆ ಇಷ್ಟು ಬೆಳಕು ಎಂದು
ಯಂತ್ರಕ್ಕೆ ಎಲ್ಲೋ ಯಾರೋ ಹೇಳಿಕೊಟ್ಟಿದ್ದಾರೆ,
ಹೇಳಿದ್ದನ್ನು ಮರೆಯದ ವಿದ್ಯಾರ್ಥಿ ಅದು,
ನನ್ನ ಹಾಗೆ.
'ಸ್ವಲ್ಪ ತಿಳಿ ಮಾಡ್ಲೇನವಾ?' ಅಂದೆ.
ಕೈಯಂತೆ ನಾಲಗೆಗೂ ರೂಢಿ.

'ಮುಖಕ್ಕ ಏನೂ ಮಾಡಬ್ಯಾಡ್ರಿ ಕಾಕಾ.
ನಾಳೆ ಗ್ರೌಂಡಿನ್ಯಾಗ ಹೋಲಿಸಿ ನೋಡ್ತಾರ,
ಇದು ನೀನಲ್ಲಂತ ಹೊರಗ ಹಾಕ್ತಾರ.
ದೀಪದ್ದೇನರ ಮಾಡ್ರಿ.'

ದೀಪದ್ದು ಮಾಡಿದೆ.
ಮೂಲೆಯ ಛತ್ರಿ ಹತ್ತಿರ ಎಳೆದೆ,
ಕಿಂಡಿಯನ್ನು ಎರಡು ಹೆಜ್ಜೆ ತೆರೆದೆ.
ಆಗ ಬಂತು, ಹುಬ್ಬಿನ ಮೇಲೊಂದು ಹಳೆಯ ಸುಟ್ಟ ಕಲೆ,
ಕೆನ್ನೆಯಲ್ಲಿ ನೇರಳೆಗೂ ತಾಮ್ರಕ್ಕೂ ನಡುವೆ
ನಾನು ಹೆಸರು ಕಲಿಯದ ನಾಲ್ಕಾರು ಬಣ್ಣ,
ನಿದ್ದೆಗೆಟ್ಟ ಕಣ್ಣು, ಇಪ್ಪತ್ತರ ಗತ್ತು.
ಅರವತ್ತು ರೂಪಾಯಿ ಎಣಿಸಿ ಕೊಟ್ಟಳು,
ಕವರಿನೊಳಗಿನ ಎಂಟನ್ನೂ ಎಣಿಸಿಕೊಂಡಳು.

ರಾತ್ರಿ ಅಂಗಡಿ ಮುಚ್ಚುವಾಗ
ಗೋಡೆಯ ಮೇಲಿನ ಅವ್ವ ಕಂಡಳು.
ಪ್ಲಾಸ್ಟಿಕ್ ಮಾಲೆಯೊಳಗೆ ಹಾಲಿನಂಥ ಅವ್ವ.
ತೀರಿಕೊಂಡ ವಾರ ನಾನೇ ಕೂತು ತಿದ್ದಿದ್ದು,
ಚಂದ ಕಾಣಲಿ ಅಂತ.
ತಿದ್ದದ್ದು ಹಳೆಯ ಕಂಪ್ಯೂಟರಿನ ಜೊತೆ ಗುಜರಿಗೆ ಹೋಯಿತು.
ಕುಳ್ಳು ತಟ್ಟುವ ಅವಳ ಅಂಗೈ ನೆನಪಿದೆ,
ಮೂಗಿನ ತುದಿಯ ಬೆವರೂ ನೆನಪಿದೆ,
ಬಣ್ಣ ಮಾತ್ರ

ಅಕ್ಕನಿಗೆ ಫೋನು ಹಚ್ಚಿದೆ:
ಎಷ್ಟು ಕಪ್ಪಿದ್ದಳೇ ನಮ್ಮವ್ವ?
'ಇಷ್ಟೊತ್ತಿನ್ಯಾಗ ಇದೇನ ಕೇಳ್ತಿಯೋ?'
ಟಿವಿಯ ಸದ್ದು ತಗ್ಗಿತು.
'ನಿನ್ನಷ್ಟ ಇದ್ಲಲ್ಲೋ.'