ಎರಡನೆಯ ಆಯ್

ಬುಡೇನ್ ಮಾಮು ಹಡಗಿನಿಂದ ತಂದದ್ದು
ಒಂದು ತಗಡಿನ ಪೆಟ್ಟಿಗೆ, ಮಂದವಾದ ಎಡಗಿವಿ,
ಮತ್ತು ಈ ಎರಡು ಸದ್ದು:
ಆಯ್ ಆಯ್.

ಮೊದಲ ಸಲ ಕೇಳಿದಾಗ ನಾನಿ
ಒಲೆಯ ಮುಂದಿನಿಂದ ಎದ್ದೋಡಿ ಬಂದಿದ್ದಳು,
'ಎಲ್ಲಿ ಸುಟ್ಟಿತು? ತೋರಿಸು!'
ಸುಟ್ಟಿರಲಿಲ್ಲ. ಚಹಾಕ್ಕೆ ಬಾ ಅಂತ ಅಮ್ಮ ಕರೆದಿದ್ದಳು,
ಅಷ್ಟಕ್ಕೇ ಅವನು ನೆಟ್ಟಗೆ ನಿಂತು ಹಾಗೆ ಕೂಗಿದ್ದ.

ನಮ್ಮದು ದಾವಣಗೆರೆಯ ಮಂಡಕ್ಕಿ ಭಟ್ಟಿ.
ಊರ ಹೆಸರಿನಲ್ಲೊಂದು ಕೆರೆ ಇದೆ,
ನಮ್ಮ ಓಣಿಗೆ ನಲ್ಲಿ ನೀರೂ ದಿನ ಬಿಟ್ಟು ದಿನ.
ಅಲೆ ಅಂತ ಏನಾದರೂ ಇದ್ದರೆ ಅದು ಬಾಣಲೆಯೊಳಗೆ,
ಕಾದ ಮರಳಿನದು.

ಹದಿನೈದು ವರ್ಷ ಇಂಜಿನ್ ಕೋಣೆಯಲ್ಲಿದ್ದವನು
ಸಮುದ್ರವನ್ನು ನೋಡಿದ್ದಕ್ಕಿಂತ ಕೇಳಿದ್ದೇ ಜಾಸ್ತಿ ಅನ್ನುತ್ತಾನೆ.
ಕಬ್ಬಿಣದಾಚೆ ಅದು ಮೈ ಉಜ್ಜಿಕೊಳ್ಳುತ್ತಿತ್ತಂತೆ, ಎಮ್ಮೆಯ ಹಾಗೆ.
ಮೇಲಿನಿಂದ ಕೊಳವೆಯಲ್ಲಿ ಮಾತು ಇಳಿಯುತ್ತಿತ್ತು,
ಮುಖವಿಲ್ಲದ ಮಾತು.
ಇಳಿದದ್ದನ್ನು ಇಳಿದ ಹಾಗೇ ಮೇಲಕ್ಕೆ ಕಳಿಸಬೇಕು,
ಒಂದಕ್ಷರ ಉದುರದಂತೆ.
ಆಮೇಲೆ ಕೈ ಹಾಕಬೇಕು. ಆಮೇಲೆ, ಆಯಿತೆಂದು ಹೇಳಬೇಕು.
ಆಗ ಮೇಲಿನವರು 'ವೆರಿ ಗುಡ್' ಅನ್ನಬೇಕು.
'ವೆರಿ ಗುಡ್ ಅಂದರೆ ಶಭಾಷ್ ಅಲ್ಲ ಬೇಟಾ,
ನಿನ್ನ ಮಾತು ಮುಟ್ಟಿತು ಅಂತ, ಅಷ್ಟೇ.'

ನನಗೆ ಆಗ ಹನ್ನೊಂದು.
ಬಿಸಿನೀರಿನ ಹಂಡೆ ದಾರಿಯಿಂದ ಸರಿಸು ಅಂದಿದ್ದರು.
'ಆಯ್ತು' ಅಂದೆ.
ಕುಂಟೆಬಿಲ್ಲೆಯ ಕೊನೇ ಮನೆಯಲ್ಲಿದ್ದೆ,
ಒಂಟಿ ಕಾಲಲ್ಲಿ.
ಭತ್ತ ನೆನೆಸುವ ಆ ನೀರಿಗೆ
ತಮ್ಮ ಜಿಲಾನಿಯ ಕಾಲು ಹೋಯಿತು.

ಆ ರಾತ್ರಿ ಯಾರೂ ನನ್ನನ್ನು ಹೊಡೆಯಲಿಲ್ಲ.
ಹೊಡೆದಿದ್ದರೆ ಚೆನ್ನಾಗಿತ್ತು.
ಮಾಮು ಹೊಟ್ಟಿನ ಚೀಲದ ಮೇಲೆ ಕೂತು
ಹಚ್ಚದ ಬೀಡಿಯನ್ನು ಬೆರಳಲ್ಲಿ ತಿರುಗಿಸುತ್ತ
'ಆಯ್ತು ಅನ್ನೋದು ಎಂಥಾ ಮಾತು ನೋಡು' ಅಂದ.
'ಇನ್ನೂ ಎದ್ದೇ ಇಲ್ಲ, ಆಗಲೇ ಆಗಿಹೋಗಿದೆ.
ನಾಳೆಯ ಕೆಲಸಕ್ಕೆ ನಿನ್ನೆಯ ಅಂಗಿ.
ಅಲ್ಲಿ ಹಾಗಿಲ್ಲ. ಎರಡು ಸಲ ಯಾಕೆ ಅಂತೀವಿ ಗೊತ್ತಾ?
ಮೊದಲನೇದು ಕಿವಿಯದು.
ಎರಡನೇದು ಕೈಯದು.'

ಇದು ಅವರ ಪುಸ್ತಕದಲ್ಲೇ ಇತ್ತೋ
ಆ ರಾತ್ರಿ ನನಗೆಂದೇ ಹುಟ್ಟಿಸಿದನೋ
ಇವತ್ತಿಗೂ ಕೇಳಿಲ್ಲ.

ಹೋದ ವರ್ಷ ಪಾಲಿಕೆಯವರು ಬಂದರು.
ಟೈರು ಸುಡಬೇಡಿ, ಹೊಗೆಗೊಳವೆ ಎತ್ತರಿಸಿ,
ಇಲ್ಲವೇ ಊರಾಚೆ ನಡೀರಿ.
ಓಣಿಗೆ ಓಣಿಯೇ ತಲೆಯಾಡಿಸಿತು,
ಆಯ್ತು ಸಾರ್, ಆಯ್ತು ಸಾರ್,
ಬಾಣಲೆಯಲ್ಲಿ ಅಕ್ಕಿ ಅರಳುವ ಹಾಗೆ,
ಹಗುರಕ್ಕೆ, ಒಟ್ಟೊಟ್ಟಿಗೆ.
ಮಾಮು ಮಾತ್ರ 'ಕೇಳಿಸಿತು' ಅಂದ.
'ಕೇಳಿಸಿತು ಅಂದರೇನ್ರೀ? ಮಾಡ್ತೀರೋ ಇಲ್ವೋ?'
'ಟೈರು ನಾವು ಸುಡಲ್ಲ. ಕೊಳವೆಗೆ ದುಡ್ಡಿನ ಲೆಕ್ಕ ಹಾಕಬೇಕು.
ಅಲ್ಲೀತನಕ, ಕೇಳಿಸಿತು.'

ನೋಟೀಸು ಬಂದದ್ದು ನಮಗೊಬ್ಬರಿಗೇ.

ಕೊಳವೆ ಎದ್ದಿತು, ಏಳು ತಿಂಗಳಿಗೆ,
ಮಾಮಿಯ ಕೈಯಿಂದ ಎರಡು ಬಳೆ ಇಳಿದ ಮೇಲೆ.
ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮಾಮು
ಪಾಲಿಕೆಯ ಮೆಟ್ಟಿಲು ಹತ್ತಿದ, ಹಿಂದೆ ನಾನು.
ಆ ಅಧಿಕಾರಿಗೆ ವರ್ಗವಾಗಿತ್ತು.
ಫ್ಯಾನು ತಿರುಗುತ್ತಿತ್ತು, ಫೈಲಿನ ಮೇಲೆ ಯಾರದೋ ಟಿಫಿನ್ ಡಬ್ಬಿ.
ಬಾಗಿಲಲ್ಲಿ ಹಿಮ್ಮಡಿ ಕೂಡಿಸಿ ನಿಂತು
ಖಾಲಿ ಕುರ್ಚಿಗೆ
'ಕೊಳವೆ ಎತ್ತರಿಸಿ ಆಯಿತು, ಸಾರ್' ಅಂದ.
ಸ್ವಲ್ಪ ಹೊತ್ತು ಕಾದ.
ಆಮೇಲೆ ಇಳಿದು ಬಂದೆವು.

ಈಗ ಬಾಣಲೆಯ ಮುಂದೆ ಜಿಲಾನಿ ನಿಲ್ಲುತ್ತಾನೆ,
ಬಲಗಾಲ ಮೇಲೆ ಭಾರ ಬಿಟ್ಟು.
'ಆಪಾ, ಹಂಡೆ ಸರಿಸು.'
'ಹಂಡೆ ಸರಿಸು' ಅನ್ನುತ್ತೇನೆ. ಒಂದು ಆಯ್.
ಗೋಣಿತಟ್ಟು ಸುತ್ತಿ ಕಿವಿ ಹಿಡಿದು ಎತ್ತುತ್ತೇನೆ.
ಬೆರಳಿಗೆ ಬಿಸಿ ಇಳಿಯುತ್ತದೆ.
ಚೀಲದ ಮೇಲೆ ಮಾಮು
ಬಲಗಿವಿಯನ್ನು ಇತ್ತ ತಿರುಗಿಸಿ ಕೂತಿದ್ದಾನೆ.